ರಜೆ ಮುಗಿಸಿ ಬಂದರೂ ಸುಸ್ತು ಯಾಕೆ ಹೋಗಲಿಲ್ಲ?

‘ಐದು ದಿನ ರಜೆ ಹಾಕಿ ಗೋಕರ್ಣಕ್ಕೆ ಹೋಗಿ ಬಂದೆ. ಸೋಮವಾರ ಲ್ಯಾಪ್‌ಟಾಪ್ ತೆರೆದು ಅರ್ಧ ಗಂಟೆ ಆಗಿಲ್ಲ, ಮತ್ತೆ ಅದೇ ಸುಸ್ತು. ನನಗೇನಾಗಿದೆ?’ ಬೆಂಗಳೂರಿನ ಐಟಿಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು.

ಚಿಕ್ಕ ಉತ್ತರ: ರಜೆ ದಣಿವಿಗೆ ಮದ್ದು, ಬರ್ನ್‌ಔಟ್‌ಗೆ ಅಲ್ಲ. ಅಮೆರಿಕದ ಮನೋವಿಜ್ಞಾನಿ ಕ್ರಿಸ್ಟಿನಾ ಮಾಸ್ಲಾಕ್ ಬರ್ನ್‌ಔಟ್‌ನಲ್ಲಿ ಮೂರು ಅಂಶ ಗುರುತಿಸಿದರು. ಒಂದು, ಬಸವಳಿಕೆ. ಎರಡು, ಕೆಲಸದ ಮೇಲೂ ಜೊತೆಗಾರರ ಮೇಲೂ ಹುಟ್ಟುವ ಅಸಡ್ಡೆ, ‘ಏನಾದರೂ ಮಾಡ್ಕೊಳ್ಳಲಿ’ ಅನ್ನುವ ಧಾಟಿ. ಮೂರು, ‘ನನ್ನ ಕೈಲಿ ಏನೂ ಆಗ್ತಿಲ್ಲ’ ಅನ್ನುವ ಭಾವ. ಗೋಕರ್ಣದ ಸಮುದ್ರ ಮೊದಲನೆಯದನ್ನು ತೊಳೆದೀತು. ಉಳಿದೆರಡು ಆಫೀಸಿನಲ್ಲೇ ನಿಮಗಾಗಿ ಕಾಯುತ್ತಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ರೋಗ ಎಂದು ಕರೆಯಲಿಲ್ಲ; ಕೆಲಸದ ಜಾಗದ ಒತ್ತಡ ಬಹುಕಾಲ ಹಾಗೇ ಉಳಿದರೆ ಬರುವ ಸ್ಥಿತಿ ಎಂದಿತು. ಹಾಗಾಗಿ ರಿಪೇರಿ ಆಗಬೇಕಿರುವುದು ಮುಖ್ಯವಾಗಿ ಕೆಲಸದ ಏರ್ಪಾಡು.

ಅದಕ್ಕೂ ಮುಂಚೆ ಒಂದು ಅನುಮಾನ ಪರಿಹರಿಸಿಕೊಳ್ಳಿ. ಸುಸ್ತೆಲ್ಲ ಬರ್ನ್‌ಔಟ್ ಅಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ಈ ನಾಲ್ಕು ರಕ್ತಪರೀಕ್ಷೆ ಆಗಲಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಜೋರಾಗಿ ಗೊರಕೆ ಹೊಡೆದು, ಎಂಟು ಗಂಟೆ ಮಲಗಿದರೂ ತೂಕಡಿಸುವವರು ನಿದ್ದೆಯ ಪರೀಕ್ಷೆ ಮಾಡಿಸಬೇಕು. ಇನ್ನು ಖಿನ್ನತೆ. ಲ್ಯಾಪ್‌ಟಾಪ್ ನೋಡಿದರೆ ಹೊಟ್ಟೆ ತೊಳಸುತ್ತದೆ, ಆದರೆ ಭಾನುವಾರದ ಕ್ರಿಕೆಟ್ ಇನ್ನೂ ಖುಷಿ ಕೊಡುತ್ತದೆ ಎಂದರೆ ಹೆಚ್ಚಾಗಿ ಬರ್ನ್‌ಔಟ್ ಕಡೆಗೆ ಬೊಟ್ಟು. ಕ್ರಿಕೆಟ್ಟೂ ಸಪ್ಪೆ, ಮಗುವಿನ ಆಟವೂ ಸಪ್ಪೆ, ಊಟವೂ ಬೇಡ, ಇದೇ ಎರಡು ವಾರ ಎಂದರೆ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬರುತ್ತಿದ್ದರಂತೂ ಅವತ್ತೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ಲೆಕ್ಕ. ಹತ್ತು ಕೆಲಸದ ದಿನ ಮೂರೇ ಮೂರು ಹೊತ್ತು ಬರೆದಿಡಿ: ಬೆಳಿಗ್ಗೆ ಮೊದಲ ಆಫೀಸ್ ಮೆಸೇಜ್ ನೋಡಿದ್ದು, ರಾತ್ರಿ ಕೊನೆಯದು ನೋಡಿದ್ದು, ಮಲಗಿದ್ದು. ಲಾಗಿನ್ ಲಾಗೌಟ್ ಬರೆದರೆ ಪ್ರಯೋಜನವಿಲ್ಲ, ಅದರಲ್ಲಿ ಎಲ್ಲರದ್ದೂ ಒಂಬತ್ತೇ ಗಂಟೆ ಬರುತ್ತದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹಾಕಿದ್ದ ಮಿತಿ ದಿನಕ್ಕೆ 9, ವಾರಕ್ಕೆ 48 ಗಂಟೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದ್ದು ಇನ್ನೂ ಖಡಕ್: ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿದರೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35 ಜಾಸ್ತಿ. (2024ರಲ್ಲಿ ಕರ್ನಾಟಕದ ಕಾಯ್ದೆ ತಿದ್ದಿ ದಿನಕ್ಕೆ 14 ಗಂಟೆ ಮಾಡುವ ಪ್ರಸ್ತಾವ ಬಂದಾಗ ಐಟಿ ನೌಕರರ ಸಂಘ ಬೀದಿಗಿಳಿಯಿತು. ಬರೆದು ನೋಡಿದರೆ ಕೆಲವರು ಯಾವ ತಿದ್ದುಪಡಿಯೂ ಇಲ್ಲದೆ ಆಗಲೇ ಅಲ್ಲಿಗೆ ಮುಟ್ಟಿರುತ್ತಾರೆ.)

ಬರೆದಿಟ್ಟಾಗ ಹೆಚ್ಚಾಗಿ ಸಿಕ್ಕಿಬೀಳುವುದು ರಾತ್ರಿಯ ಕಾಲ್. ಕ್ಯಾಲಿಫೋರ್ನಿಯಾದ ತಂಡದ ಬೆಳಿಗ್ಗೆ 9 ಎಂದರೆ ಬೇಸಿಗೆಯಲ್ಲಿ ನಮ್ಮ ರಾತ್ರಿ 9:30. ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ನಮಗದು 10:30 ಆಗುತ್ತದೆ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ, ಕ್ಯಾಲೆಂಡರ್ ತಾನಾಗಿ ಒಂದು ಗಂಟೆ ಸರಿಯುತ್ತದೆ. ಕಾಲ್ ಮುಗಿಯುವಾಗ 11:30. ಬಿಸಿಯಾದ ತಲೆ ತಣ್ಣಗಾಗಲು ಇನ್ನೊಂದು ಗಂಟೆ. ಮಗುವಿನ ಸ್ಕೂಲ್ ಬಸ್ಸಿಗೆ 6ಕ್ಕೆ ಏಳಬೇಕು. ಮಾರ್ಚ್‌ವರೆಗೆ ದಿನವೂ ಐದೂವರೆ ಗಂಟೆ ನಿದ್ದೆ. ಹಾಗಿದ್ದರೆ ಅಕ್ಟೋಬರ್‌ನಲ್ಲೇ ಮಾತಾಡಿ: ಕಾಲ್‌ನ ಸಮಯವನ್ನು ಭಾರತದ ಗಡಿಯಾರಕ್ಕೆ ಕಟ್ಟಿ, ವಾರಕ್ಕೆ ಎರಡೇ ರಾತ್ರಿ ಇಡಿ, ತಂಡದಲ್ಲಿ ಸರದಿ ಹಾಕಿ, ಉಳಿದ ದಿನ ಬರೆದ ಅಪ್‌ಡೇಟ್ ಸಾಕು. ರಾತ್ರಿ ಕೂತವರಿಗೆ ಮರುದಿನದ ಸ್ಟ್ಯಾಂಡಪ್ (ತಂಡದ ದಿನದ ಕಿರು ಮೀಟಿಂಗ್) 11ಕ್ಕೆ. ಈ ಕೊನೆಯ ಷರತ್ತು ಬಿಟ್ಟುಹೋದರೆ ಸರದಿ ಹಾಕಿಯೂ ಲಾಭ ಅಷ್ಟಕ್ಕಷ್ಟೇ.

ಮಾತಾಡುವುದು ಹೇಗೆ ಅನ್ನುವುದರಲ್ಲೇ ಬಹಳ ಜನ ಎಡವುತ್ತಾರೆ. ‘ತುಂಬಾ ಲೋಡ್ ಇದೆ ಸರ್’ ಎಂದರೆ ‘ಎಲ್ಲರಿಗೂ ಇದೆಯಪ್ಪಾ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಂಕಿ ಇಟ್ಟು ಕೇಳಿ: ‘ಸರ್, ಈ ವಾರ ನನ್ನ ಹತ್ರ ಇರೋದು 40 ಗಂಟೆ. ರಿಲೀಸ್‌ಗೆ 20, ಪ್ರೊಡಕ್ಷನ್ ಟಿಕೆಟ್‌ಗಳಿಗೆ 14, ಮೀಟಿಂಗ್ 12, ಹೊಸಬರಿಗೆ ಹೇಳ್ಕೊಡೋಕೆ 6. 52 ಆಯ್ತು. ಯಾವ್ದನ್ನ ಮುಂದಿನ ವಾರಕ್ಕೆ ತಳ್ಳಲಿ?’ ಇದು ದೂರಲ್ಲ, ಆಯ್ಕೆ. ಬಾಯಲ್ಲಿ ಬಂದ ಉತ್ತರವನ್ನು ಅವತ್ತೇ ಎರಡು ಸಾಲಿನ ಮೇಲ್ ಮಾಡಿ, ಇಲ್ಲದಿದ್ದರೆ ಗುರುವಾರದ ಹೊತ್ತಿಗೆ ತಳ್ಳಿದ್ದೂ ನಿಮ್ಮ ತಲೆಗೇ ವಾಪಸ್. ‘ಎಲ್ಲಾನೂ ಈ ವಾರವೇ ಬೇಕು’ ಎಂಬ ಉತ್ತರ ತಿಂಗಳುಗಟ್ಟಲೆ ಬಂದರೆ, ಆ ಮ್ಯಾನೇಜರ್‌ಗೂ ಮೇಲಿನವರಿಗೆ ಬೇಡ ಅನ್ನುವ ಅಧಿಕಾರ ಇಲ್ಲ ಎಂದು ತಿಳಿಯಿರಿ. ಆಗ ಟೀಮ್ ಬದಲಿಸುವ ದಾರಿ ನೋಡಬೇಕು.

ಗಂಟೆಗಳು ಸರಿಯಾಗೇ ಇದ್ದು ಮನಸ್ಸು ಮಾತ್ರ ಕಹಿಯಾಗಿದ್ದರೆ ಕಾರಣ ಬೇರೆ. ದುಡಿದವರೊಬ್ಬರು, ಹೆಸರು ಇನ್ನೊಬ್ಬರದು, ಅಪ್ರೈಸಲ್‌ನಲ್ಲಿ ಪಕ್ಷಪಾತ, ಚಿಕ್ಕ ತೀರ್ಮಾನಕ್ಕೂ ಮೂವರ ಅಪ್ಪಣೆ. ಇಂಥ ಕಡೆ ಬೇಗ ಮನೆಗೆ ಹೋದರೂ ಗುಣವಾಗುವುದಿಲ್ಲ. ಶುಕ್ರವಾರ ಸಂಜೆ ಆರಕ್ಕೆ ಧ್ಯಾನದ ವೆಬಿನಾರ್ ಇಟ್ಟು ಅದಕ್ಕೂ ಹಾಜರಿ ಹಾಕಿಸುವ ಕಂಪನಿಗಳ ಉಪಕಾರ ಇಲ್ಲಿ ಏನೂ ನಡೆಯುವುದಿಲ್ಲ.

ನಿಮ್ಮ ಕೈಲೇ ಇರುವುದು ಸಂಜೆಯ ಹತ್ತು ನಿಮಿಷ. ಲ್ಯಾಪ್‌ಟಾಪ್ ಮುಚ್ಚುವ ಮುಂಚೆ ಮೂರು ಸಾಲು: ಎಲ್ಲಿಗೆ ನಿಂತಿದೆ, ನಾಳೆ ಮೊದಲು ಏನು, ಯಾರ ಉತ್ತರಕ್ಕೆ ಕಾಯುತ್ತಿದ್ದೇನೆ. ಅರ್ಧಕ್ಕೆ ನಿಂತ ಕೆಲಸ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ, ಹಾಳೆಗಿಳಿದರೆ ಬಿಡುತ್ತದೆ. ಮುಗಿದ ಕೆಲಸಗಳ ಪಟ್ಟಿ ಬರೆಯುವುದು ಬೇರೆ, ಅದರಿಂದ ಇದಾಗುವುದಿಲ್ಲ. ಆಮೇಲೆ ಲ್ಯಾಪ್‌ಟಾಪ್ ಊಟದ ಮೇಜಿನ ಮೇಲಲ್ಲ, ಬ್ಯಾಗಿನೊಳಗೆ. ತಂಡಕ್ಕೆ ಒಂದು ನಿಯಮ ಹೇಳಿ: ತುರ್ತಿದ್ದರೆ ಫೋನ್ ಮಾಡಿ, ಮೆಸೇಜ್ ಬೆಳಿಗ್ಗೆ ನೋಡುತ್ತೇನೆ. ಫೋನ್ ಮಾಡಬೇಕೆಂದಾಗ ಜನ ಒಮ್ಮೆ ಯೋಚಿಸುತ್ತಾರೆ, ಅರ್ಧಕ್ಕರ್ಧ ತುರ್ತು ಅಲ್ಲೇ ಕರಗುತ್ತದೆ. ಸಂಜೆ 5ರ ಫಿಲ್ಟರ್ ಕಾಫಿಯ ಕೆಫೀನ್ ಸುಮಾರು ಅರ್ಧದಷ್ಟು ರಾತ್ರಿ 10ಕ್ಕೂ ರಕ್ತದಲ್ಲಿರುತ್ತದೆ, ಅದನ್ನು 2ಕ್ಕೆ ಮುಗಿಸಿ.

ಇನ್ನು ರಜೆ. ಅದರ ಫಲ ಕೆಲವೇ ವಾರದಲ್ಲಿ ಇಳಿದುಹೋಗುತ್ತದೆ, ಆದ್ದರಿಂದ ವರ್ಷವಿಡೀ ಕೂಡಿಟ್ಟು ಡಿಸೆಂಬರ್‌ನಲ್ಲಿ ಒಟ್ಟಿಗೆ ತೆಗೆಯುವುದಕ್ಕಿಂತ ಮೂರು ನಾಲ್ಕು ಕಂತು ಲೇಸು. ಹೋಗುವ ಎರಡು ದಿನ ಮುಂಚೆ ಹೊಸದೇನೂ ಹಿಡಿಯಬೇಡಿ. ಆಟೋ ರಿಪ್ಲೈನಲ್ಲಿ ‘ತಂಡವನ್ನು ಸಂಪರ್ಕಿಸಿ’ ಎನ್ನದೆ ಒಬ್ಬರ ಹೆಸರು ಹಾಕಿ, ಇಲ್ಲದಿದ್ದರೆ ಎಲ್ಲ ನಿಮಗೇ ಬರುತ್ತದೆ. ವಾಪಸ್ ಬರುವುದು ಸೋಮವಾರ ಬೇಡ, ಬುಧವಾರ ಬನ್ನಿ. ಮೊದಲ ಅರ್ಧ ದಿನ ಕ್ಯಾಲೆಂಡರ್ ಖಾಲಿ ಇರುವಂತೆ ಹೊರಡುವ ಮುಂಚೆಯೇ ಬ್ಲಾಕ್ ಮಾಡಿಟ್ಟರೆ, ಮೂರೇ ದಿನ ದುಡಿಯುವಷ್ಟರಲ್ಲಿ ಶನಿವಾರ ಬಂದಿರುತ್ತದೆ.