ಜ್ವರ ಇಲ್ಲ ಅಂದಿದ್ದಕ್ಕೆ ನಾನು ಸುಮ್ಮನಾದೆ

ನಾನು ಕೀಲುವಾತದ ಓಪಿಡಿಯಲ್ಲಿ ನರ್ಸ್. ಡಾಕ್ಟರ್ ಒಳಗೆ ರೋಗಿಗಳನ್ನು ನೋಡುತ್ತಿರುವಾಗ ಹೊರಗೆ ಫೋನ್ ಎತ್ತುವವಳು ನಾನೇ. ಹೋದ ವರ್ಷ ಜುಲೈ, ಜಡಿಮಳೆ ಹಿಡಿದಿತ್ತು. ಶುಕ್ರವಾರ ಮಧ್ಯಾಹ್ನ ಒಬ್ಬ ಹುಡುಗ ಫೋನ್ ಮಾಡಿದ.

"ಸಿಸ್ಟರ್, ಅಮ್ಮಂಗೆ ನಿನ್ನೆಯಿಂದ ಮೈಕೈ ನೋವು ಜಾಸ್ತಿ ಆಗಿದೆ. ಹಾಸಿಗೆ ಬಿಟ್ಟು ಏಳ್ತಿಲ್ಲ. ವಾತ ಮತ್ತೆ ಎದ್ದಿದೆ ಅನ್ಸುತ್ತೆ."

"ಜ್ವರ ಇದೆಯಾ?"

"ಇಲ್ಲ ಸಿಸ್ಟರ್, ಮೈ ತಣ್ಣಗೇ ಇದೆ. ಸ್ವಲ್ಪ ಕೆಮ್ಮು ಅಷ್ಟೆ."

ಸೋಮವಾರದ ಪಟ್ಟಿಯಲ್ಲಿ ಹೆಸರು ಬರೆದುಕೊಂಡು ಫೋನ್ ಇಟ್ಟೆ. ಭಾನುವಾರ ರಾತ್ರಿಯೇ ಆಕೆಯನ್ನು ಎಮರ್ಜೆನ್ಸಿಗೆ ಕರೆತಂದರು. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕಿದ ಆಕ್ಸಿಮೀಟರ್ ಬರೀ 84 ತೋರಿಸುತ್ತಿತ್ತು. ಫ್ಲೂ ಪಾಸಿಟಿವ್, ಎರಡೂ ಕಡೆ ನ್ಯುಮೋನಿಯಾ. ಒಂಬತ್ತು ದಿನ ಐಸಿಯುನಲ್ಲಿದ್ದರು. ದೇವರ ದಯೆ, ಉಳಿದರು.

ಅವರು ಸೇರಿದ ಮರುದಿನವೇ ಅವರ ಫೈಲ್ ತೆಗೆದೆ. ಮೊದಲ ಪುಟದಲ್ಲೇ ಇತ್ತು: ವಾತ ತಗ್ಗಿಸುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ 15 ಮಿಲಿಗ್ರಾಂ, ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ದಿನಾ 10. ಸ್ಟೀರಾಯ್ಡ್ ನುಂಗುವವರಿಗೆ ಸೋಂಕು ಜೋರಾಗಿದ್ದರೂ ಜ್ವರ ಕಾಣಿಸದೆ ಇರಬಹುದು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಯಾವ ಮಾತ್ರೆ ಅಂತ ಕೇಳಲಿಲ್ಲ.

ಆಮವಾತ, ಲೂಪಸ್‌ನಂಥ ಕಾಯಿಲೆಯಲ್ಲಿ ನಮ್ಮನ್ನು ಕಾಯಬೇಕಾದ ಶಕ್ತಿಯೇ ನಮ್ಮ ಮೈಮೇಲೆ ತಿರುಗಿ ಬೀಳುತ್ತದೆ. ಅದನ್ನು ತಗ್ಗಿಸುವ ಮಾತ್ರೆಗಳು ವೈರಸ್ ಎದುರಿಸುವ ಬಲವನ್ನೂ ತಗ್ಗಿಸುತ್ತವೆ. ಫ್ಲೂಗೆ ಕೊಡುವ ಓಸೆಲ್ಟಾಮಿವಿರ್ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಆಮೇಲೂ ಕೊಡುತ್ತಾರೆ, ಆದರೆ ಆ ಎರಡು ದಿನ ನನ್ನ ಕೈಯಲ್ಲಿತ್ತು.

ಈಗ ಫೋನಿನಲ್ಲಿ ಮೊದಲು ಕೇಳುವುದು ಮಾತ್ರೆಯ ಹೆಸರು. ಗೊತ್ತಿಲ್ಲ ಅಂದರೆ ಸ್ಟ್ರಿಪ್‌ನ ಫೋಟೋ ಕಳಿಸಿ ಅನ್ನುತ್ತೇನೆ. ಆಮೇಲೆ ಗಂಟುಗಳ ವಿಚಾರ. ವಾತ ಎದ್ದರೆ ಸಾಮಾನ್ಯವಾಗಿ ಗಂಟು ಊದುತ್ತದೆ, ಬೆಳಗ್ಗೆ ಕೈ ಮಡಚಲು ಆಗುವುದಿಲ್ಲ. ಗಂಟು ಊದಿಲ್ಲ, ಆದರೆ ಬೆನ್ನು ತೊಡೆಯೆಲ್ಲ ಜಜ್ಜಿದ ಹಾಗಿದೆ, ಒಂದೇ ದಿನಕ್ಕೆ ನೆಲ ಹಿಡಿದಿದ್ದಾರೆ, ಜೊತೆಗೆ ಕೆಮ್ಮು ಇದೆ ಅಂದರೆ ಜ್ವರ ಇರಲಿ ಬಿಡಲಿ, ಅವತ್ತೇ ಬರಲು ಹೇಳುತ್ತೇನೆ. ಮನೆಯಲ್ಲಿ ಮಕ್ಕಳಿಗೆ ನೆಗಡಿ ಆಗಿತ್ತಾ ಅಂತಲೂ ಕೇಳುತ್ತೇನೆ. ಆ ಹುಡುಗನನ್ನು ಕೇಳಿದ್ದರೆ ಹೇಳುತ್ತಿದ್ದ, ಅವನಿಗೇ ಆಗಿತ್ತಂತೆ.

ಇನ್ನೊಂದು ಗಾಬರಿ, ಹುಷಾರಿಲ್ಲ ಅಂತ ಎಲ್ಲ ಮಾತ್ರೆ ತಾವೇ ನಿಲ್ಲಿಸಿಬಿಡುವವರದು. ಸೋಂಕು ಜೋರಾದಾಗ ಡಾಕ್ಟರ್ ಮೆಥೊಟ್ರೆಕ್ಸೇಟ್ ತಡೆಹಿಡಿಯಲು ಹೇಳಬಹುದು. ಆದರೆ ಬಹಳ ದಿನದಿಂದ ತಗೊಳ್ಳುತ್ತಿರುವ ಸ್ಟೀರಾಯ್ಡನ್ನು ಒಮ್ಮೆಲೇ ಬಿಡಬಾರದು. ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು.

ಲಸಿಕೆ ಅಂದರೆ "ಅದನ್ನು ಹಾಕಿಸಿಕೊಂಡ್ರೆ ಫ್ಲೂನೇ ಬರುತ್ತಂತಲ್ಲ" ಅನ್ನುವವರು ಈಗಲೂ ಇದ್ದಾರೆ. ತೋಳಿಗೆ ಹಾಕುವ ಫ್ಲೂ ಸೂಜಿಯಲ್ಲಿ ಜೀವಂತ ವೈರಸ್ ಇಲ್ಲ, ಅದರಿಂದ ಫ್ಲೂ ಬರಲಾರದು. ಮೂಗಿಗೆ ಬಿಡುವ ಜೀವಂತ ಲಸಿಕೆ ಮಾತ್ರ ಇಂಥ ಮಾತ್ರೆ ತಗೊಳ್ಳುವವರಿಗೆ ಬೇಡ. ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್ ನಡುವೆ ಇನ್ನೊಮ್ಮೆ ಫ್ಲೂ ಏರುತ್ತದೆ. ಮಳೆಗೆ ಮುಂಚೆಯೇ ಹಾಕಿಸಿಕೊಂಡರೆ ಒಳ್ಳೆಯದು.

ಈ ವರ್ಷ ಮೇ ತಿಂಗಳಲ್ಲಿ ಆಕೆ ಬಂದರು. ವಾತ ಹಿಡಿತದಲ್ಲಿತ್ತು. ಲಸಿಕೆ ಆದ ಮೇಲೆ ಎರಡು ವಾರ ಮೆಥೊಟ್ರೆಕ್ಸೇಟ್ ಬೇಡ ಅಂದರು ಡಾಕ್ಟರ್. ಹಾಗೆ ಬಿಟ್ಟರೆ ಲಸಿಕೆ ಚೆನ್ನಾಗಿ ಹತ್ತುತ್ತದೆ ಅಂತ ದಕ್ಷಿಣ ಕೊರಿಯಾದ ವೈದ್ಯರು 2018ರಲ್ಲಿ ತೋರಿಸಿಕೊಟ್ಟಿದ್ದಾರೆ. ಆಕೆಯ ಚೀಟಿಯಲ್ಲಿ ಆ ಮಾತ್ರೆ ನುಂಗುವ ಎರಡು ಭಾನುವಾರಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಹೊಡೆದು, ಮೂರನೆಯದಕ್ಕೆ "ಮತ್ತೆ ಶುರು" ಅಂತ ದಪ್ಪಕ್ಷರದಲ್ಲಿ ಬರೆದೆ. ಆಕೆ ಎದ್ದ ಮೇಲೆ ಮಗ ಅದೇ ಸ್ಟೂಲಿನ ಮೇಲೆ ಕೂತು ಅಂಗಿ ತೋಳು ಮೇಲಕ್ಕೆ ಮಡಚಿದ. "ನಂಗೂ ಹಾಕಿ ಸಿಸ್ಟರ್" ಅಂದ.