ತೆಗೆದುಹಾಕಿದ ಕಾಲಂ

ನಮ್ಮ ಡೋಸ್ ಶೀಟಿನಲ್ಲಿ, ಅಂದರೆ ಊಟದಿಂದ ಜನರ ಮೈಗೆ ಎಷ್ಟು ವಿಕಿರಣ ಸೇರುತ್ತದೆ ಅನ್ನೋ ಲೆಕ್ಕದ ಹಾಳೆಯಲ್ಲಿ, ಎರಡು ಕಾಲಂ ಇರುತ್ತವೆ. ಹಡಗಿನಲ್ಲಿ ಅಕ್ಕಿ, ಮೈದಾ, ಡಬ್ಬಿ ಮಾಂಸ ಬರುತ್ತಿದ್ದರೆ ಜನರಿಗೆ ವರ್ಷಕ್ಕೆ ಎಷ್ಟು ಮಿಲಿರೆಮ್ (ವಿಕಿರಣದ ಅಳತೆ) ಅನ್ನೋದು ಮೊದಲನೆಯದು. ಹಡಗು ಬರದೇ ಬರೀ ದ್ವೀಪದ್ದೇ ತಿಂದರೆ ಎಷ್ಟು ಅನ್ನೋದು ಎರಡನೆಯದು. ಎರಡನೆಯದು ಯಾವಾಗಲೂ ಜಾಸ್ತಿ.

ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳ ರಾಜಧಾನಿ ಮಜುರೋದಲ್ಲಿ, ಅಲ್ಲಿನ ರೊಂಗೆಲ್ಯಾಪ್ ಅನ್ನೋ ದ್ವೀಪದ ಜನರ ಜತೆ ಮೀಟಿಂಗ್ ಇತ್ತು. ಹಿಂದಿನ ರಾತ್ರಿ ಮ್ಯಾನೇಜರ್ ಸ್ಲೈಡ್ ನೋಡಿ, "ಎರಡನೇ ಕಾಲಂ ತೆಗೀರಿ, ಸುಮ್ನೆ ಗೊಂದಲ" ಅಂದರು. ನನಗೂ ಸರಿ ಅನ್ನಿಸಿತು. ಈಗ ಹಡಗು ಹೇಗೂ ಬರುತ್ತಲ್ಲ, ಜನರನ್ನು ಯಾಕೆ ಹೆದರಿಸಬೇಕು ಅಂತ ಹೈಡ್ ಮಾಡಿದೆ.

ಹೆದರಿಸೋದಕ್ಕೆ ಅಲ್ಲಿ ಬಾಕಿ ಏನಾದರೂ ಉಳಿದಿದ್ದರೆ ತಾನೇ! 1954ರ ಮಾರ್ಚ್ 1ರಂದು ಹತ್ತಿರದ ಬಿಕಿನಿ ದ್ವೀಪದಲ್ಲಿ ಅಮೆರಿಕ ಪರೀಕ್ಷೆಗೆಂದು ಸಿಡಿಸಿದ ಬ್ರಾವೋ ಹೈಡ್ರೋಜನ್ ಬಾಂಬು 15 ಮೆಗಾಟನ್. ಅದರ ವಿಕಿರಣ ತುಂಬಿದ ಬಿಳಿ ಬೂದಿ ಇವರ ತಲೆ ಮೇಲೆ, ಕುಡಿಯುವ ನೀರಿನ ಮೇಲೆ ಬಿತ್ತು. ಅಲ್ಲಿಂದ ಕರೆದೊಯ್ದದ್ದು ಎರಡು ದಿನ ಕಳೆದ ಮೇಲೆ. 1957ರಲ್ಲಿ "ಏನೂ ತೊಂದರೆಯಿಲ್ಲ" ಅಂತ ವಾಪಸ್ ತಂದು ಬಿಟ್ಟರು. ಆಮೇಲೆ ವರ್ಷಾವರ್ಷ ಡಾಕ್ಟರುಗಳು ಬಂದು ರಕ್ತ ತೆಗೆದರು, ಥೈರಾಯ್ಡ್ ಗಂಟು ನೋಡಿದರು. 1985ರಲ್ಲಿ ಜನ ತಾವೇ ಸಾಕು ಅಂದು ಗ್ರೀನ್‌ಪೀಸ್‌ನವರ ರೇನ್‌ಬೋ ವಾರಿಯರ್ ಹಡಗಿನಲ್ಲಿ ಮನೆಯ ಮರ, ತಗಡು ಸಮೇತ ಮೆಜಾಟೋ ದ್ವೀಪಕ್ಕೆ ಹೊರಟರು. ಇಂಥವರ ಮುಂದೆ ನಾನು ಅರ್ಧ ಟೇಬಲ್ ಇಟ್ಟುಕೊಂಡು ನಿಂತಿದ್ದೆ.

ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಹೋಯಿತು. ರೊಂಗೆಲ್ಯಾಪ್‌ನಲ್ಲಿ ಮನೆಗಳ ಸುತ್ತ ಮೇಲ್ಮಣ್ಣು ಕೆರೆದು ಹವಳದ ಜಲ್ಲಿ ಹಾಸಿದ್ದು, ಮರಗಳಿಗೆ ಪೊಟ್ಯಾಶ್ ಗೊಬ್ಬರ ಕೊಟ್ಟಿದ್ದು ಎಲ್ಲ ತೋರಿಸಿದೆ. ಹವಳದ ಮಣ್ಣಿನಲ್ಲಿ ಪೊಟ್ಯಾಶಿಯಂ ತೀರಾ ಕಮ್ಮಿ. ಬಾಂಬಿನ ಬೂದಿಯಲ್ಲಿ ಬಂದ ವಿಕಿರಣಶೀಲ ಸೀಸಿಯಂ-137 ಅದರ ತಮ್ಮನ ಹಾಗೆ, ಹಸಿದ ಬೇರು ಗುರುತು ತಪ್ಪಿ ಇದನ್ನೇ ಎಳೆದುಕೊಳ್ಳುತ್ತದೆ. ಪೊಟ್ಯಾಶ್ ಸುರಿದರೆ ಕಾಯಿಯಲ್ಲಿ ಸೀಸಿಯಂ ಹತ್ತರಲ್ಲೊಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಒಲೆ ಬೂದಿ ತೆಂಗಿನ ಬುಡಕ್ಕೆ ಸುರಿಯೋದೂ ಪೊಟ್ಯಾಶಿಗೇ ಅಲ್ವಾ. ಆ ಸ್ಲೈಡ್ ಬಗ್ಗೆ ನನಗೆ ಹೆಮ್ಮೆಯಿತ್ತು.

ಆಗ ಮುಂದಿನ ಸಾಲಿನ ಒಬ್ಬ ಅಜ್ಜ ಕೈ ಎತ್ತಿದರು. ಮೊಣಕಾಲ ಮೇಲೆ ಒಂದು ಹಳೇ ಫೈಲು. ಇಂಟರ್‌ಪ್ರಿಟರ್ ಹುಡುಗ ನೆಲ ನೋಡುತ್ತಾ ಹೇಳಿದ: "ಅಜ್ಜ ಕೇಳ್ತಿದ್ದಾರೆ, ಅಮೆರಿಕದ ಜತೆ ಮಾಡಿಕೊಂಡ 1992ರ ಒಪ್ಪಂದದಲ್ಲಿ ಬರೆದದ್ದು ಬರೀ ನಮ್ಮ ದ್ವೀಪದ ಊಟ ತಿಂದರೂ 100 ಮಿಲಿರೆಮ್ ದಾಟಬಾರದು ಅಂತ. ಈ ಟೇಬಲ್‌ನಲ್ಲಿ ಅಕ್ಕಿ ಯಾಕಿದೆ?"

ಪ್ರೊಜೆಕ್ಟರ್ ಫ್ಯಾನ್ ಸದ್ದು ಬಿಟ್ಟರೆ ಏನೂ ಇಲ್ಲ. ಮ್ಯಾನೇಜರ್ ಎದ್ದು "ವಾಸ್ತವಿಕ ಸರಾಸರಿ" ಅಂತ ಏನೋ ಶುರು ಮಾಡಿದರು. ಹುಡುಗ ಅನುವಾದ ಮಾಡಲೇ ಇಲ್ಲ. ಅಜ್ಜ ಅವರ ಕಡೆ ತಿರುಗಲೂ ಇಲ್ಲ, ನನ್ನನ್ನೇ ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬಾಕೆ ಮಗುವನ್ನು ಎತ್ತಿಕೊಂಡು ಹೊರಗೆ ಹೋದರು. ಇನ್ನಿಬ್ಬರು ಎದ್ದರು.

ನಾನು ಸ್ಲೈಡ್ ಮುಚ್ಚಿ ಎಕ್ಸೆಲ್ ತೆರೆದೆ. ಎಲ್ಲರೆದುರೇ ಅನ್‌ಹೈಡ್ ಒತ್ತಿದೆ. ತೆಂಗಿನಕಾಯಿ, ಎಳನೀರು, ಮರದಿಂದ ಇಳಿಸಿದ ನೀರಾ, ಜೀಗುಜ್ಜೆ, ಕೇದಗೆ ಹಣ್ಣು, ಏಡಿ: ಒಂದೊಂದೇ ಸಾಲು ಕಾಣಿಸಿತು. ಪೊಟ್ಯಾಶ್ ಹಾಕಿದ ಜಾಗದ ಮೊತ್ತ 100ರ ಕೆಳಗೇ ಇತ್ತು!

ಅಂದರೆ ಮುಚ್ಚಿಡೋಕೆ ಕಾರಣವೇ ಇರಲಿಲ್ಲ. ಬರೀ ಸ್ಥಳೀಯ ಊಟವಾದರೆ ಕೆಲವರು ಮಿತಿ ದಾಟಬಹುದು ಅಂತ 1994ರಲ್ಲೇ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಸಮಿತಿ ಬರೆದಿತ್ತು. ಆಮೇಲೆ ಇಷ್ಟೆಲ್ಲ ಕೆಲಸ ಮಾಡಿ ಅದನ್ನು ಇಳಿಸಿದ್ದು ನಾವೇ. ಮೊದಲೇ ತೋರಿಸಿದ್ದರೆ ಅದು ನಮ್ಮ ಅತ್ಯುತ್ತಮ ಸ್ಲೈಡ್ ಆಗುತ್ತಿತ್ತು. ಈಗ ಕಳ್ಳಮಾಲು ಸಿಕ್ಕಿಬಿದ್ದ ಹಾಗೆ ಆಯಿತು. ಸಂಖ್ಯೆ ಕಮ್ಮಿ ಇದೆ ಅಂತ ಎಷ್ಟು ಸಲ ಹೇಳಿದರೂ ಆ ಹೊತ್ತು ಯಾರೂ ನಂಬಲಿಲ್ಲ. ನಂಬಬೇಕಾಗಿಯೂ ಇರಲಿಲ್ಲ ಬಿಡಿ.

ಅಜ್ಜ ಫೈಲು ಮಡಚಿ ಇನ್ನೊಂದು ಕೇಳಿದರು. ಅಟಾಲ್‌ನ (ಉಂಗುರದ ಹಾಗಿರುವ ಹವಳದ ದ್ವೀಪಗಳ ಸಾಲು) ಉತ್ತರದ ದ್ವೀಪಗಳ ಏಡಿ ಈ ಲೆಕ್ಕದಲ್ಲಿದೆಯಾ? ಇರಲಿಲ್ಲ. ಮಣ್ಣು ಕೆರೆದದ್ದು, ಪೊಟ್ಯಾಶ್ ಹಾಕಿದ್ದು ಜನವಸತಿಯ ಮುಖ್ಯ ದ್ವೀಪದಲ್ಲಿ. ಏಡಿ ಹಿಡಿಯೋಕೆ, ಕೊಬ್ಬರಿ ಮಾಡೋಕೆ ಜನ ದೋಣಿ ಕಟ್ಟಿಕೊಂಡು ಹೋಗೋದು ಉತ್ತರಕ್ಕೆ, ಬೂದಿ ಜಾಸ್ತಿ ಬಿದ್ದದ್ದೂ ಅಲ್ಲೇ. "ಇಲ್ಲ" ಅಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ಆ ದಿನ ನಾನು ಹೇಳಿದ್ದರಲ್ಲಿ ಅವರು ಬರೆದುಕೊಂಡದ್ದು ಅದೊಂದೇ.

ಊಟದ ಸರ್ವೆ ಫಾರ್ಮಿನಲ್ಲಿ ಈಗ ಒಂದು ಪ್ರಶ್ನೆ ಸೇರಿಸಿದ್ದೇನೆ: ಏಡಿ ಯಾವ ದ್ವೀಪದ್ದು? ಶೀಟ್ ತೆರೆದರೆ ಮಾತ್ರ ಇವತ್ತಿಗೂ ಮೊದಲು ಬರೋದು ಹಡಗು ಬರುವ ಕಾಲಂ. ಅದನ್ನು ಬದಲಿಸಿ ಅಂತ ಹೆಡ್ ಆಫೀಸಿಗೆ ಮೇಲ್ ಹಾಕಿದರೆ "ಟೆಂಪ್ಲೇಟ್ ಲಾಕ್ ಆಗಿದೆ" ಅಂತ ಉತ್ತರ ಬರುತ್ತದೆ. ಲಾಕ್ ಮಾಡಿದವರು ಯಾರು ಅಂತ ಕೇಳಿದರೆ ಉತ್ತರವೇ ಬರುವುದಿಲ್ಲ.