ನಾಲ್ಕು ಗಂಟೆಯ ಲೆಕ್ಕ

ಮೊನ್ನೆ ನನ್ನ ಮಗಳು ಪುಟ್ಟಿಗೆ ಮೂರು ತಿಂಗಳು ತುಂಬಿತು. ಇದನ್ನು ಬರೆಯಲು ಆ ದಿನಕ್ಕಾಗಿಯೇ ಕಾದಿದ್ದೆ.

ನನ್ನ ಮಗ ಹುಟ್ಟಿದ್ದು ಐದು ವರ್ಷದ ಹಿಂದೆ. ರಾತ್ರಿ ಊಟ ಮುಗಿಸಿ ಏಳುವಾಗ ನೀರು ಹೋಯಿತು. ನೋವಿರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದರೆ "ನೋವು ಶುರುವಾದ ಮೇಲೆ ಬನ್ನಿ" ಅಂದರು. ಹೆರಿಗೆ ಆಗಿದ್ದು ಮರುದಿನ ಸಂಜೆ. ಮಗು ಚೆನ್ನಾಗಿ ಅತ್ತಿತು, ಆದರೆ ಹಾಲು ಕುಡಿಯಲಿಲ್ಲ. ಬೆಳಗಿನ ಜಾವ ಒಂದೊಂದು ಉಸಿರಿಗೂ ನರಳುತ್ತಿತ್ತು. "ಹುಟ್ಟಿದ ಮಕ್ಕಳು ಹಾಗೇ ಸದ್ದು ಮಾಡ್ತಾವೆ" ಅಂದರು ಪಕ್ಕದ ಹಾಸಿಗೆಯವರು. ಅಮ್ಮ ಒಪ್ಪಲಿಲ್ಲ. "ಮೈ ತಣ್ಣಗಿದೆ, ಡಾಕ್ಟ್ರನ್ನ ಕರೀರಿ" ಅಂತ ಹಟ ಹಿಡಿದಳು. ಆ ಹಟವೇ ಮಗುವನ್ನು ಉಳಿಸಿತು. ಹನ್ನೊಂದು ದಿನ ಎನ್‌ಐಸಿಯು, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕ. ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಸಿಕ್ಕಿದ್ದು ಗ್ರೂಪ್ ಬಿ ಸ್ಟ್ರೆಪ್ ಅನ್ನುವ ಬ್ಯಾಕ್ಟೀರಿಯಾ.

ನನ್ನಿಂದಲೇ ಬಂತಾ, ನಾನು ಕೊಳಕಾಗಿದ್ದೆನಾ ಅಂತ ಎಷ್ಟು ಅತ್ತೆನೋ. ಈ ಬ್ಯಾಕ್ಟೀರಿಯಾ ಐದರಲ್ಲಿ ಒಬ್ಬ ಹೆಂಗಸಿನ ಕರುಳಿನಲ್ಲೋ ಯೋನಿಯಲ್ಲೋ ಸುಮ್ನೆ ಇರುತ್ತದಂತೆ. ನಮಗೆ ಗೊತ್ತೇ ಆಗುವುದಿಲ್ಲ. ಸ್ವಚ್ಛತೆಗೂ ಇದಕ್ಕೂ ಸಂಬಂಧವಿಲ್ಲ. ಲೈಂಗಿಕ ರೋಗವೂ ಅಲ್ಲ. ಅತ್ತೆಗೆ ಮಾತ್ರ ಕೊಟ್ಟಿಗೆಯ ಮೇಲೆ ಅನುಮಾನ. ಹಸುವಿನ ಕೆಚ್ಚಲು ಬಾವು ರೋಗಕ್ಕೂ ಇದೇ ಬ್ಯಾಕ್ಟೀರಿಯಾ ಕಾರಣ ಅಂತ ಕೇಳಿದ್ದರು. ಅದು ನಿಜವೇ. ಆದರೆ ನಮ್ಮಲ್ಲಿರುವುದು ಸಾಮಾನ್ಯವಾಗಿ ಮನುಷ್ಯರಿಂದ ಮನುಷ್ಯರಿಗೆ ಬಂದದ್ದು. ಪಾಪ, ನಮ್ಮ ಹಸು ಗೌರಿಯದೇನೂ ತಪ್ಪಿಲ್ಲ.

ಎರಡನೇ ಬಸಿರಿನಲ್ಲಿ ಮೊದಲ ಭೇಟಿಯಲ್ಲೇ ಎಲ್ಲ ಹೇಳಿದೆ. "ಮೊದಲ ಮಗುವಿಗೆ ಬಂದಿದ್ದರೆ ಟೆಸ್ಟೂ ಬೇಡಮ್ಮ, ಹೆರಿಗೆ ಹೊತ್ತಿನಲ್ಲಿ ಪೆನಿಸಿಲಿನ್ ಕೊಡಲೇಬೇಕು" ಅಂದರು ಡಾಕ್ಟರ್. ಈಗಲೇ ಮಾತ್ರೆ ನುಂಗಿಬಿಡಲಾ ಅಂತ ಕೇಳಿದೆ. ಪ್ರಯೋಜನವಿಲ್ಲ, ಹೆರಿಗೆ ಹೊತ್ತಿಗೆ ಅದು ಮತ್ತೆ ಬೆಳೆದಿರುತ್ತದಂತೆ. ನೋವು ಶುರುವಾದ ಮೇಲೆ ರಕ್ತನಾಳಕ್ಕೇ ಕೊಡಬೇಕು, ಮಗು ಹುಟ್ಟಲು ಕಡಿಮೆಯೆಂದರೆ 4 ಗಂಟೆ ಮುಂಚೆ.

ಮಲೆನಾಡಿನವರಿಗೆ ಕಷ್ಟ ಇರುವುದು ಆ ನಾಲ್ಕು ಗಂಟೆಯಲ್ಲೇ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ನಮ್ಮ ಮನೆ ಅದಕ್ಕೂ ಆಚೆ, ಆಗುಂಬೆ ಕಡೆಗೆ. ದಿನ ತುಂಬುವುದು ಆಷಾಢದಲ್ಲಿ. ಒಂದು ಮರ ಬಿದ್ದರೆ ರಸ್ತೆ ಬಂದ್, ಫೋನೂ ಸತ್ತಿರುತ್ತದೆ. ಎರಡನೇ ಹೆರಿಗೆ ಬೇಗ ಆಗುವುದೇ ಜಾಸ್ತಿ. ಹಾಗಾಗಿ ಎರಡು ವಾರ ಮುಂಚೆಯೇ ಶಿವಮೊಗ್ಗದ ಚಿಕ್ಕಮ್ಮನ ಮನೆಗೆ ಹೋಗಿ ಕೂತೆ. "ಇಷ್ಟು ಬೇಗ ಯಾಕೆ" ಅಂತ ಕೇಳಿದವರು ಒಬ್ಬಿಬ್ಬರಲ್ಲ.

ನಿಮಗೆ ಇದು ಮೊದಲ ಬಸಿರಾಗಿದ್ದರೆ 36, 37ನೇ ವಾರದಲ್ಲಿ ಈ ಬ್ಯಾಕ್ಟೀರಿಯಾದ ಟೆಸ್ಟ್ ಬಗ್ಗೆ ಡಾಕ್ಟರನ್ನು ನೀವೇ ಕೇಳಿ. ನಮ್ಮ ದೇಶದಲ್ಲಿ ಎಲ್ಲರಿಗೂ ಈ ಟೆಸ್ಟ್ ಮಾಡುವ ಪದ್ಧತಿ ಇಲ್ಲ. ಹತ್ತಿ ಸುತ್ತಿದ ಕಡ್ಡಿಯಿಂದ ಯೋನಿ, ಗುದದ್ವಾರ ಎರಡೂ ಕಡೆ ಒರೆಸಿ ತೆಗೆಯುತ್ತಾರೆ, ನೋವಾಗುವುದಿಲ್ಲ. ಟೆಸ್ಟ್ ಆಗದಿದ್ದರೂ ಹೆರಿಗೆಯಲ್ಲಿ ಜ್ವರ ಬಂದರೆ, 37 ವಾರಕ್ಕೆ ಮುಂಚೆಯೇ ನೋವು ಬಂದರೆ, ನೀರು ಹೋಗಿ 18 ಗಂಟೆ ಆಗಿದ್ದರೆ ಔಷಧ ಕೊಡುತ್ತಾರೆ. ನನಗೆ ಮೊದಲ ಸಲ 18 ಗಂಟೆ ದಾಟಿತ್ತು.

ಈ ಸಲ ಬೆಳಗಿನ ಮೂರಕ್ಕೆ ನೋವು ಬಂತು. ಮೂರೂವರೆಗೆ ಆಸ್ಪತ್ರೆ. ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿದ್ದನ್ನು ಸಿಸ್ಟರ್‌ಗೆ ತೋರಿಸಿದೆ. ಅಲರ್ಜಿ ಆಗುತ್ತದಾ ಅಂತ ಟೆಸ್ಟ್ ಡೋಸ್ ಕೊಟ್ಟು ನೋಡಿ, ನಾಲ್ಕೂಕಾಲಿಗೆ ಪೆನಿಸಿಲಿನ್ ಹಾಕಿದರು. ಎಂಟೂಕಾಲಿಗೆ ಇನ್ನೊಂದು ಡೋಸ್. ಪುಟ್ಟಿ ಹುಟ್ಟಿದ್ದು ಒಂಬತ್ತೂ ಇಪ್ಪತ್ತಕ್ಕೆ.

ಈ ಔಷಧ ಕಾಯುವುದು ಮೊದಲ ವಾರದ ಸೋಂಕಿನಿಂದ ಮಾತ್ರ. ತಡವಾಗಿ ಬರುವುದು ಮೂರು ತಿಂಗಳವರೆಗೂ ಬರಬಹುದು. ಅದಕ್ಕೇ ಇಷ್ಟು ದಿನ ರಾತ್ರಿಯೆಲ್ಲ ಎದ್ದೆದ್ದು ಅವಳ ಉಸಿರು ಕೇಳುತ್ತಿದ್ದೆ. ಮೊನ್ನೆ ರಾತ್ರಿ ಒಮ್ಮೆಯೂ ಏಳಲಿಲ್ಲ.